ಬಿಚ್ಚದ ಪೆಟ್ಟಿಗೆ

ಅಕ್ಕ ಪೆಟ್ಟಿಗೆಯ ಪ್ಲಾಸ್ಟಿಕ್ ಹೊದಿಕೆಗೆ ಉಗುರು ಹಾಕಿದ್ದೇ ತಡ, ತಮ್ಮ ಹೌಹಾರಿ ಅವಳ ಕೈ ಹಿಡಿದ. ಆಕಾಶನೌಕೆಗಳನ್ನು ಹೊಡೆದುರುಳಿಸುವ ಆ ಹಳೆಯ ವಿಡಿಯೊ ಗೇಮ್ ಈಗ ಎಲ್ಲೂ ಸಿಗುವುದಿಲ್ಲ. ಹೊದಿಕೆ ಹರಿಯದ ಈ ಒಂದಕ್ಕೆ ಇಬ್ಬರೂ ಸೇರಿ ಮೂರು ತಿಂಗಳ ಸಂಬಳ ಸುರಿದಿದ್ದರು.

"ಬಿಚ್ಚಿದ್ರೆ ಅರ್ಧ ಬೆಲೆಗೂ ಯಾರೂ ಮೂಸಲ್ಲ ಅಕ್ಕಾ."

"ಚಿಕ್ಕಂದಿನ ಹಾಗೆ ಇಬ್ರೂ ಕೂತು ಆಡೋಣ ಅಂತ ತಾನೇ ತಗೊಂಡಿದ್ದು? ಸತ್ತೋಗಿದ್ದ ಕನ್ಸೋಲ್‌ಗೆ ಜೀವ ಕೊಡೋಕೆ ತಿಂಗಳಿಡೀ ಬೆರಳು ಸುಟ್ಕೊಂಡಿದ್ದೀನಿ ನಾನು."

ಟಿವಿ ರಿಪೇರಿ ಮಾಡುವ ಕೈ ಅದು. ಕೊಸರಿಕೊಂಡು, ಸ್ಕ್ರೂಡ್ರೈವರಿನಿಂದ ಹೊದಿಕೆಯನ್ನು ಉದ್ದಕ್ಕೆ ಸೀಳಿತು. ಒಳಗೆ ಗೇಮಿನ ಕ್ಯಾಸೆಟ್ ಇರಲಿಲ್ಲ. ಬಟ್ಟೆ ಸುತ್ತಿದ ಮರದ ತುಂಡೊಂದಿತ್ತು.

"ಮಾರಿದವನ ನಂಬರ್ ಕೊಡು," ಅಕ್ಕ ಹಲ್ಲು ಕಡಿದಳು. "ಅವನ ಗ್ರಹಚಾರ ಬಿಡಿಸ್ತೀನಿ."

ತಮ್ಮ ಫೋನ್ ಮುಟ್ಟಲಿಲ್ಲ. ಅವನ ಸಿಟ್ಟೆಲ್ಲ ಅವಳ ಮೇಲೆಯೇ ಇತ್ತು. "ನೀನು ಸುಮ್ನಿದ್ದಿದ್ರೆ ಬರೋ ವಾರ ಇದು ದುಪ್ಪಟ್ಟಿಗೆ ಹೋಗ್ತಿತ್ತು. ಗಿರಾಕಿನೂ ಗೊತ್ತುಮಾಡಿದ್ದೆ."

ಅಕ್ಕ ಮತ್ತೆ ನಂಬರ್ ಕೇಳಲಿಲ್ಲ. ತಂತಿ ಕಿತ್ತು ಕನ್ಸೋಲನ್ನು ಕಂಕುಳಲ್ಲಿ ಇಟ್ಟುಕೊಂಡಳು. ಮರದ ತುಂಡನ್ನು ಅವನ ಕೈಗೆ ತುರುಕಿದಳು.

"ತಗೋ, ಆಡ್ಕೋ."