ಬಾಣಂತಿ ಮರ

ಕೊಳೆತ ಆಲದ ಹಣ್ಣಿನ ವಾಸನೆ ಬಡಿದರೆ ಇಂದಿಗೂ ನಿಜಾಮರ ಕಾಲದ ಕರಜಗಿಯ ಆ ಮಧ್ಯಾಹ್ನಕ್ಕೆ ಹೋಗಿಬಿಡುತ್ತೇನೆ. ಅಜ್ಜಿಯ ಮೊಣಕಾಲು ನೋವಿಗೆ ಬಾವಲಿಯ ಕೊಬ್ಬೇ ಮದ್ದೆಂದು ಯಾರೋ ಹೇಳಿದ್ದರು. ಕಾಕಾ ಬಲೆ ಹೊತ್ತು ಊರಾಚೆಯ ಆಲದ ಮರಕ್ಕೆ ಹೊರಟ. ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ನನ್ನ ಹೆಗಲು ಹಿಡಿದು ಅಜ್ಜಿಯೂ ಕುಂಟುತ್ತ ಬಂದಳು. ಮೇಲೆ ತಲೆಕೆಳಗಾಗಿ ತೂಗುತ್ತಿದ್ದ ಬಾವಲಿಯೊಂದು ಎದೆಗೆ ಅಂಟಿದ ಮರಿಗೆ ರೆಕ್ಕೆಯಿಂದ ಗಾಳಿ ಹಾಕುತ್ತಿತ್ತು. ಅಜ್ಜಿ ಬಹಳ ಹೊತ್ತು ನೋಡಿದಳು.

"ಬಲೆ ತಗಿಯಪಾ. ಮ್ಯಾಲೆ ಹಸಿ ಬಾಣಂತಿ ಅದಾಳ."

"ಮತ್ತ ನಿನ್ನ ಮೊಣಕಾಲು, ಯವ್ವಾ?" ಎಂದ ಕಾಕಾ.

"ಇರ್ಲಿ ಬಿಡು. ಅದೇನ್ ಇವತ್ತಿನ ನೋವೇನು?"

ಬಾಣಂತಿಯ ಮನೆಬಾಗಿಲಿಗೆ ಕಟ್ಟುವಂತೆ ಅಜ್ಜಿ ಮರದ ಬುಡಕ್ಕೆ ಬೇವಿನ ತೊಪ್ಪಲು ಕಟ್ಟಿದಳು. ಆಮೇಲೆ ಊರವರೆಲ್ಲ ಅಲ್ಲಿ ದನಿ ತಗ್ಗಿಸಿಯೇ ನಡೆದರು. ಆ ಮರದಡಿ ಕೇಳುತ್ತಿದ್ದದ್ದು, ಅಜ್ಜಿ ಬದುಕಿರುವತನಕ, ಅವಳ ಊರುಗೋಲಿನ ಸದ್ದೊಂದೇ.