ತುಟಿಗೂ ಮಾತಿಗೂ ತಾಳೆ

ತಂದೆಯ ಷಷ್ಟಿಪೂರ್ತಿಯ ವಿಡಿಯೊವನ್ನು ಮೈತ್ರೇಯಿಯೇ ಎಡಿಟ್ ಮಾಡಿ, ಲ್ಯಾಪ್‌ಟಾಪನ್ನು ತವರಿನ ಟಿವಿಗೆ ಜೋಡಿಸಿ ಎಲ್ಲರಿಗೂ ತೋರಿಸುತ್ತಿದ್ದಳು. ನಡುವೆ ಅವಳ ಗಂಡ ಶ್ರೀನಿಧಿ ಗಹಗಹಿಸಿದ.

"ಬಾಯಿ ಆಡಿಸ್ತಿರೋನು ನಾನು, ಕೇಳ್ತಿರೋದು ಪುರೋಹಿತರ ಮಂತ್ರ! ತುಟಿಗೂ ಮಾತಿಗೂ ತಾಳೆ ಹಾಕೋಕೂ ಬರಲ್ವಲ್ಲೇ ದಡ್ಡಿ!"

"ಹಾಗೇ ಇರಲಿ ಬಿಡ್ರೀ."

"ನಿನ್ನ ಹೆಡ್ಡತನಾನ ನಾಲ್ಕು ಜನ ನೋಡಬೇಕಾ? ಕೊಡು ಇಲ್ಲಿ."

"ಬೇಡಾಂದ್ರೆ ಬೇಡ ರೀ," ಎಂದು ಅವಳು ಲ್ಯಾಪ್‌ಟಾಪನ್ನು ಬಿಗಿಹಿಡಿದಳು. ಅವನು ಕಿತ್ತುಕೊಂಡ. ಅವಳು ಹಾಕಿದ್ದ ಮಂತ್ರವನ್ನು ಅಳಿಸಿ, ಕ್ಯಾಮೆರಾದ ಮೂಲ ಧ್ವನಿಯನ್ನೇ ತಂದು ತುಟಿಗೆ ಕೂಡಿಸಿ, ಸದ್ದು ಜೋರು ಮಾಡಿದ.

"ಈಗ ನೋಡಿ ಮಾವ, ಎಡಿಟಿಂಗ್ ಅಂದ್ರೆ ಇದು!"

ಪರದೆಯಲ್ಲಿ ಮಾವ ತಾಳಿ ಹಿಡಿದು ನಿಂತಿದ್ದರು. ಅವರ ಬೆನ್ನ ಹಿಂದಿದ್ದ ಶ್ರೀನಿಧಿ ಪಕ್ಕದವನ ಕಿವಿಗೆ ಬಾಗಿ ನಕ್ಕ: "ಸಾಯೋ ಕಾಲಕ್ಕೆ ಈ ಮುದುಕಂಗೆ ಮದುವೆ ಬೇರೆ ಕೇಡು."