ಕಹಿಯಾಗದ ಮಾಂಸ

ಮಧ್ಯರಾತ್ರಿ ಹಿತ್ತಲ ಕಲ್ಲಿನ ಮೇಲೆ ಗೊರಸೊಂದು ಟಕ್ಕೆಂದಿತು. ಶಾಂಭವಿ ಎದ್ದು ಹೊರಗೆ ಹೋದಳು.

ಪರದೇಶದಿಂದ ತಂದು ಬಿಟ್ಟ ಜಿಂಕೆಗಳು ಊರೆಲ್ಲ ಅಡ್ಡಾಡುತ್ತಿದ್ದವು. ಪುರಸಭೆ ಅವುಗಳನ್ನು ಮಾಂಸಕ್ಕಾಗಿ ಕೊಲ್ಲಿಸುತ್ತಿತ್ತು; ಆದರೆ ಹೆದರಿ ಸತ್ತರೆ ಮಾಂಸ ಕಹಿ. ಹಾಗಾಗಿ “ಏನೂ ಆಗೂದಿಲ್ಲ ಬಿಡವ್ವಾ” ಎಂದು ಅವುಗಳ ಕಿವಿಯಲ್ಲಿ ಹೇಳಲು ಪುರಸಭೆ ಅವಳನ್ನು ನೇಮಿಸಿತ್ತು. ಗುಂಡು ಹಾರಿಸುವವನು ಹುಸೇನಸಾಬ.

“ಮೊನ್ನೀದು ಬೆಣ್ಣಿ ಇದ್ದಂಗಿತ್ರಿ ಅಕ್ಕಾರ,” ಎಂದ ಅವನು, ಗೋಡೆಯ ಮರೆಯಿಂದ. “ಲಗೂನ ಮಾತಾಡ್ಸ್ರಿ.”

ಜಿಂಕೆ ಅವಳ ಹೆಗಲಿಗೆ ಗದ್ದ ಇಟ್ಟಿತು. ಯಾಕೋ ಇವತ್ತು ಸುಳ್ಳು ಬಾಯಿಗೆ ಬರಲಿಲ್ಲ. ಅದೇ ಮೆಲುದನಿಯಲ್ಲಿ, “ಗ್ವಾಡಿ ಹಿಂದ ಬಂದೂಕ ಐತಿ,” ಎಂದಳು.

ಜಿಂಕೆ ನೇರ ಗೋಡೆಯತ್ತ ನೋಡಿ, ಎದುರಿನ ಬೇಲಿ ಹಾರಿ ಹೋಯಿತು.

“ಏನಾತ್ರೀ?”

“ನನಗ ಸೀನು ಬಂತಪಾ, ಬೆದರಿ ಓಡ್ತು.”

ಅಂದರೆ ಹನ್ನೊಂದು ವರ್ಷ ಜಿಂಕೆಗಳು ಅವಳ ಮಾತನ್ನು ಅರ್ಥ ಮಾಡಿಕೊಂಡೇ ನಂಬಿದ್ದವು. ಇದು ಪುರಸಭೆಯವರಿಗೆ ಗೊತ್ತಾದರೆ ಇನ್ನೂ ಒಳ್ಳೆಯ ಸುಳ್ಳು ಬರೆದು ಕೊಡುತ್ತಾರೆ. ಯಾರಿಗೂ ಹೇಳಬಾರದೆಂದು ಶಾಂಭವಿ ನಿರ್ಧರಿಸಿದಳು.